ಕುತ್ತಿಗೆ ಕುಯ್ಯಬೇಕೋ ಬೇಡವೋ ಅಂತ ರಕ್ತ ಪರೀಕ್ಷೆ ಹೇಳುತ್ತದಾ?

ಜೆರಾಕ್ಸ್ ಅಂಗಡಿ (ಶ್ರೀನಗರ, ಬೆಂಗಳೂರು)
ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನನ್ನದು ಶ್ರೀನಗರದಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ. 14 ವರ್ಷದಿಂದ ಏರಿಯಾದವರ ಸ್ಕ್ಯಾನ್ ರಿಪೋರ್ಟು, ಡಿಸ್ಚಾರ್ಜ್ ಸಮರಿ, ರೇಷನ್ ಕಾರ್ಡು ಎಲ್ಲ ನನ್ನ ಮೆಷಿನ್ ಮೇಲೆ ಹಾದು ಹೋಗಿದೆ. ಓದದೆ ಕಾಪಿ ಹೊಡೆಯೋದು ನನಗೆ ಅಭ್ಯಾಸ. ಹೋದ ತಿಂಗಳು ಮೊದಲ ಸಲ ಒಂದು ರಿಪೋರ್ಟನ್ನು ಕೂತು ಪೂರ್ತಿ ಓದಿದೆ. ಅದು ನಮ್ಮಣ್ಣನದು.

ಅಣ್ಣನಿಗೆ 47. ಯಶವಂತಪುರದ ಯಾರ್ಡಿನಿಂದ ಈರುಳ್ಳಿ ಸಾಗಿಸುವ ಟೆಂಪೋ ಓಡಿಸುತ್ತಾನೆ. ಬೆಳಗಿನ ಜಾವ 3 ಗಂಟೆಗೆ ಲೋಡ್ ಆಗಬೇಕು, ನಿದ್ದೆ ಬರಬಾರದು ಅಂತ ಶುರುವಾದ ಗುಟ್ಕಾ, 20 ವರ್ಷ ಆಯ್ತು. ಯಾವಾಗಲೂ ಬಲಗೆನ್ನೆಯಲ್ಲೇ ಇಟ್ಟುಕೊಳ್ಳುತ್ತಿದ್ದ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದಾಗ ಅತ್ತಿಗೆ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಕಂಪನಿಯವರು ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಅಂತ ಬೇರೆ ಬೇರೆ ಮಾರಿದರು. ಇವನು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡ. ಅಷ್ಟೇ ವ್ಯತ್ಯಾಸ.

ಎರಡು ವರ್ಷದಿಂದ ಅವನ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಮೊದಲೆಲ್ಲ ಮಸಾಲೆ ದೋಸೆಯ ಕಾಲು ಭಾಗ ಮಡಿಸಿ ಒಂದೇ ತುತ್ತಿಗೆ ಇಳಿಸುತ್ತಿದ್ದವನು, ಬೆರಳಗಲ ಹರಿದು ಹರಿದು ಒಳಗೆ ತಳ್ಳಿಕೊಳ್ಳುತ್ತಿದ್ದ. ಕೇಳಿದರೆ ಹಲ್ಲು ನೋವು ಅನ್ನೋನು. ನಾವೂ ನಂಬಿದೆವು. ಆಮೇಲೆ ಒಳಗೆನ್ನೆಯಲ್ಲಿ ಹುಣ್ಣಾಯ್ತು. ಒಂದು ತಿಂಗಳು ಜೆಲ್ ಹಚ್ಚಿದ. ಹಲ್ಲಿನ ಡಾಕ್ಟರು ಟಾರ್ಚ್ ಹಾಕಿ ನೋಡಿ, ಟಾರ್ಚ್ ಆರಿಸಿ, "ಹಲ್ಲಿನ ಕೆಲಸ ಆಮೇಲೆ ನೋಡೋಣ, ಮೊದಲು ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ" ಅಂದರು.

ಬಯಾಪ್ಸಿಯಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿಯ ಒಳಪದರದ ಕ್ಯಾನ್ಸರ್ ಅಂತ ಬಂತು. ಸಿಟಿ ಸ್ಕ್ಯಾನಿನಲ್ಲಿ ಗಡ್ಡೆ 2.4 ಸೆಂಟಿಮೀಟರ್. ಕುತ್ತಿಗೆಯಲ್ಲಿ ಅನುಮಾನ ಪಡುವಂಥ ಗಂಟು ಇಲ್ಲ ಅಂತ ಕೆಳಗೆ ಒಂದು ಸಾಲು ಇತ್ತು. ಆ ಸಾಲಿಗೆ ನಾನು ಹಳದಿ ಹೈಲೈಟರ್ ಎಳೆದು ಅಣ್ಣನಿಗೆ ತೋರಿಸಿದೆ. ಅಲ್ಲೇ ಎಡವಟ್ಟಾಯ್ತು.

ಯಾಕೆಂದರೆ ಕೆನ್ನೆ ಗಡ್ಡೆಯ ಜೊತೆಗೆ ಬಲಗಡೆ ಕುತ್ತಿಗೆಯ ಗಂಟುಗಳನ್ನೂ (ಎಲ್ಲರಿಗೂ ಇರುವ ಲಿಂಫ್ ನೋಡ್‌ಗಳು) ತೆಗೀತೀವಿ ಅಂತ ಸರ್ಜನ್ ಹೇಳಿದ್ದಾರೆ. ಅಣ್ಣ ಹಿಡಿದ ಪಟ್ಟು ಬಿಡುತ್ತಿಲ್ಲ. "ಸ್ಕ್ಯಾನಿನಲ್ಲೇ ಏನಿಲ್ಲ ಅಂತಿದೆ, ಮತ್ಯಾಕೆ ಕುತ್ತಿಗೆ ಕುಯ್ಯಬೇಕು? ಭುಜ ಹೋದರೆ ಸ್ಟೇರಿಂಗ್ ನೀನು ತಿರುಗಿಸ್ತೀಯಾ?" ಅಂತಾನೆ.

ಇದರ ಮಧ್ಯೆ, ಆಪರೇಷನ್‌ಗೆ ಮುಂಚಿನ ರಕ್ತ ಪರೀಕ್ಷೆ ಮಾಡಿಸಿದ ಖಾಸಗಿ ಲ್ಯಾಬಿನ ಹುಡುಗ ಮನೆಗೆ ಬಂದವನು ಒಂದು ಚೀಟಿ ಕೊಟ್ಟು ಹೋಗಿದ್ದಾನೆ. "ಕ್ಯಾನ್ಸರ್ ಹರಡಿದೆಯೇ? ಒಂದೇ ರಕ್ತ ಪರೀಕ್ಷೆಯಲ್ಲಿ ತಿಳಿಯಿರಿ" ಅಂತ ಬಣ್ಣದ ಅಕ್ಷರದಲ್ಲಿದೆ. 28,000 ರೂಪಾಯಿ. ಅಣ್ಣನಿಗೆ ಅದೇ ಬೇಕಂತೆ. ರಕ್ತದಲ್ಲಿ ಏನೂ ಇಲ್ಲ ಅಂತ ಬಂದರೆ ಕೆನ್ನೆ ಮಾತ್ರ, ಕುತ್ತಿಗೆ ಬೇಡ ಅಂತಾನೆ. ದುಡ್ಡು ಹೇಗೋ ಹೊಂದಿಸಬಹುದು, ಅತ್ತಿಗೆ ಬಳೆ ಬಿಚ್ಚೋಕೂ ತಯಾರು. ಆದರೆ ಆ ಪರೀಕ್ಷೆಯನ್ನು ನೆಚ್ಚಬಹುದಾ? ಮುಂದಿನ ಗುರುವಾರ ಆಪರೇಷನ್. ಗೊತ್ತಿದ್ದವರು ದಯವಿಟ್ಟು ಹೇಳಿ.


ಸೆಂಟ್ರಿಫ್ಯೂಜ್ ಅಕ್ಕ (ವಿದ್ಯಾರಣ್ಯಪುರ)
ಭಾನುವಾರ ರಾತ್ರಿ 11:55

ಸರ್, ನಾನು ಡಾಕ್ಟರಲ್ಲ, ಲ್ಯಾಬಿನವಳು. 22 ವರ್ಷದಿಂದ ರಕ್ತದ ಟ್ಯೂಬುಗಳ ಜೊತೆಗೇ ಬದುಕು. ಅದರಲ್ಲಿ ಕೊನೆಯ 8 ವರ್ಷ ಇಂಥ ಪರೀಕ್ಷೆಗಳನ್ನೇ ಮಾಡುವ ವಿಭಾಗದಲ್ಲಿದ್ದೇನೆ. ನೀವು ಕೇಳಿದ್ದಕ್ಕೆ ಉತ್ತರ ಮೊದಲೇ ಹೇಳಿಬಿಡ್ತೀನಿ: ಆ ಪರೀಕ್ಷೆಯಲ್ಲಿ ಏನೂ ಬರಲಿಲ್ಲ ಅಂತ ಕುತ್ತಿಗೆ ಆಪರೇಷನ್ ಬಿಡಬೇಡಿ. ಯಾಕೆ ಅಂತ ಈಗ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಚೀಟಿಯಲ್ಲಿ "ರಕ್ತ ಪರೀಕ್ಷೆ" ಅಂತ ಇದೆ, ಯಾವ ಪರೀಕ್ಷೆ ಅಂತ ಇಲ್ಲ, ಅಲ್ವಾ? ಆ ಬೆಲೆಗೆ ಬರೋದು ಸಾಮಾನ್ಯವಾಗಿ ಎರಡರಲ್ಲಿ ಒಂದು. ರಕ್ತದಲ್ಲಿ ತೇಲುವ ಇಡೀ ಕ್ಯಾನ್ಸರ್ ಕಣ ಹುಡುಕೋದು ಒಂದು. ಗಡ್ಡೆಯ ಕಣಗಳು ಸತ್ತಾಗ ರಕ್ತಕ್ಕೆ ಬೀಳುವ ಡಿಎನ್‌ಎ ಚೂರು ಹುಡುಕೋದು ಇನ್ನೊಂದು.

ಮೊದಲನೆಯದು. ಒಂದು ಎಂಎಲ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣ ಇರುತ್ತವೆ, ಅರ್ಧ ಕೋಟಿಯಿಂದ ಒಂದು ಕೋಟಿಯವರೆಗೆ ಬಿಳಿ ಕಣ. ಕ್ಯಾನ್ಸರ್ ಕಣ ಇದ್ದರೂ ಒಂದು ಟ್ಯೂಬಿಗೆ ಬೆರಳೆಣಿಕೆಯಷ್ಟು. ದಸರಾ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಒಬ್ಬನನ್ನು ಹುಡುಕಿದ ಹಾಗೆ, ಅದೂ ಅಂಗಿಯ ಬಣ್ಣ ಒಂದೇ ಗುರುತು. ಆ ಅಂಗಿ ಅನ್ನೋದು ಕಣದ ಮೇಲಿರುವ ಒಂದು ಪ್ರೋಟೀನು. ಹಳೆಯ ಯಂತ್ರಗಳು ಅದಕ್ಕೆ ಅಂಟುವ ಕಾಂತದ ಪುಡಿ ಬೆರೆಸಿ ಕಣವನ್ನು ಎಳೆಯುತ್ತವೆ. ಗೋಳು ಏನಂದ್ರೆ, ಗಡ್ಡೆ ಬಿಟ್ಟು ಓಡಿಹೋಗೋಕೆ ಹೊರಟ ಕಣ ಎಷ್ಟೋ ಸಲ ಆ ಅಂಗಿಯನ್ನೇ ಬಿಚ್ಚಿ ಎಸೆದಿರುತ್ತದೆ. ನಮಗೆ ಬೇಕಾದ ಕಳ್ಳನೇ ಕೈಗೆ ಸಿಗಲ್ಲ.

ಇನ್ನು ಡಿಎನ್‌ಎ. ನಿಮ್ಮ ನನ್ನ ರಕ್ತದಲ್ಲೂ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ, 1948ರಷ್ಟು ಹಿಂದೆಯೇ ಕಂಡುಹಿಡಿದ ವಿಷಯ. ಕ್ಯಾನ್ಸರ್ ಇದ್ದವರಲ್ಲಿ ಅದರ ಒಂದು ಪಾಲು ಗಡ್ಡೆಯದು. ನಿಮ್ಮಣ್ಣನದು ಎರಡೂವರೆ ಸೆಂಟಿಮೀಟರ್ ಗಡ್ಡೆ. ಅಷ್ಟು ಚಿಕ್ಕದರಿಂದ ಬರುವ ಪಾಲು ಎಷ್ಟೋ ಜನರಲ್ಲಿ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಜೊತೆಗೆ ಅದು ಒಂದೆರಡು ಗಂಟೆಯೊಳಗೆ ಅರ್ಧ ಕರಗಿಹೋಗುತ್ತದೆ. ನಾವು ತೆಗೆದ 10 ಎಂಎಲ್‌ನಲ್ಲಿ ಆ ಚೂರು ಒಂದೂ ಇಲ್ಲದೆ ಇರಬಹುದು. ಆಗ ರಿಪೋರ್ಟಿನಲ್ಲಿ "ಪತ್ತೆಯಾಗಿಲ್ಲ" ಅಂತ ಬರೀತೀವಿ. ಅದನ್ನು ಮನೆಯವರು "ಇಲ್ಲ" ಅಂತ ಓದುತ್ತಾರೆ. ಇವೆರಡು ಒಂದೇ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಬಾಯಿ ಕ್ಯಾನ್ಸರ್ ಮೊದಲು ಕುತ್ತಿಗೆಗೆ ಇಳಿಯೋದು ರಕ್ತದ ದಾರಿಯಲ್ಲಲ್ಲ. ಹೈಸ್ಕೂಲಿನಲ್ಲಿ ದುಗ್ಧರಸ ಅಂತ ಓದಿದ್ದೆವಲ್ಲ, ಆ ನಾಳಗಳಲ್ಲಿ. ಗಂಟುಗಳು ಆ ದಾರಿಯ ಚೆಕ್‌ಪೋಸ್ಟ್ ಇದ್ದ ಹಾಗೆ. ಗಂಟಿನೊಳಗೆ ಎರಡು ಮಿಲಿಮೀಟರ್ ಜಾಗದಲ್ಲಿ ಕೂತಿರುವ ಕಣ ಸಿಟಿಯಲ್ಲಿ ಕಾಣಲ್ಲ, ರಕ್ತಕ್ಕೆ ಇನ್ನೂ ಬಂದೂ ಇರಲ್ಲ. ನೀವು ಮೈಸೂರು ರೋಡ್ ಟೋಲಿನಲ್ಲಿ ಕಾಯ್ತಿದ್ದೀರಿ, ಕಳ್ಳ ಕನಕಪುರ ರೋಡ್ ಹಿಡಿದಿದ್ದಾನೆ.

ಕೊನೆಗೆ ನಮ್ಮ ಕಸುಬಿನ ಒಂದು ಗುಟ್ಟು. ಡಿಎನ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಮಾಮೂಲಿ ಟ್ಯೂಬಿನಲ್ಲಿ ರಕ್ತ ತೆಗೆದರೆ ಕೆಲವೇ ಗಂಟೆಯಲ್ಲಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ (ರಕ್ತದ ತಿಳಿ) ಬೇರೆ ಮಾಡಬೇಕು. ತಡವಾದರೆ ಬಿಳಿ ಕಣಗಳು ಒಡೆದು ಅವುಗಳ ಡಿಎನ್‌ಎ ತುಂಬಿಕೊಳ್ಳುತ್ತದೆ. ಒಂದು ಮೇ ತಿಂಗಳಲ್ಲಿ ನನ್ನ ಕೈಗೆ ಬಂದ ಟ್ಯೂಬು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೈಕಿನ ಡಿಕ್ಕಿಯಲ್ಲಿ ಊರೆಲ್ಲ ಸುತ್ತಿ ಸಂಜೆ 6ಕ್ಕೆ ಬಂತು. ತಿರುಗಿಸಿದರೆ ಮೇಲೆ ತಿಳಿ ಹಳದಿ ನಿಲ್ಲಬೇಕಾದ ಜಾಗದಲ್ಲಿ ಕೋಕಂ ಶರಬತ್ತಿನ ಬಣ್ಣ. ಕಣ ಒಡೆದುಹೋಗಿದೆ ಅಂತ ಅರ್ಥ. ತಿರಸ್ಕರಿಸಿ ವಾಪಸ್ ಕಳಿಸಿದೆ. ಇದಕ್ಕೇ ಅಂತ ಬೇರೆ ಟ್ಯೂಬು ಇದೆ, ರೂಮಿನ ಶಾಖದಲ್ಲೇ ಕೆಲವು ದಿನ ತಡೆಯುತ್ತದೆ. ಅದರ ಬೆಲೆ ಜಾಸ್ತಿ. ನಿಮ್ಮ ಮನೆಗೆ ಬಂದ ಹುಡುಗನ ಬ್ಯಾಗಿನಲ್ಲಿ ಯಾವುದಿತ್ತು ಅಂತ ಕೇಳಿ ನೋಡಿ.


ಮೂರನೇ ಬ್ಲಾಕ್ ಆಂಟಿ (ರಾಜಾಜಿನಗರ)
ಸೋಮವಾರ ಬೆಳಗ್ಗೆ 6:15

ನನ್ನದೂ ಒಂದು ಕಥೆ ಕೇಳಿ. ನಮ್ಮ ಯಜಮಾನರಿಗೆ ನಾಲಿಗೆ ಕ್ಯಾನ್ಸರ್ ಆಗಿ ವಾಸಿಯಾಗಿ ಒಂದೂವರೆ ವರ್ಷ ಆಗಿತ್ತು. ನಮ್ಮ ಮಗ ಎಲ್ಲೋ ಓದಿಕೊಂಡು ಬಂದ: ಮಾಮೂಲಿ ಸಿಬಿಸಿ (ರಕ್ತಕಣದ ಎಣಿಕೆ) ರಿಪೋರ್ಟಿನಲ್ಲಿರುವ ನ್ಯೂಟ್ರೋಫಿಲ್‌ನ ಲಿಂಫೋಸೈಟಿನಿಂದ ಭಾಗಿಸಬೇಕು (ಎರಡೂ ಬಿಳಿ ಕಣದ ಬಗೆಗಳು), ಅಂಕಿ ದೊಡ್ಡದಾದರೆ ಕ್ಯಾನ್ಸರ್ ಜೋರಾಗಿದೆ ಅಂತ. ಅವರದ್ದು 84 ಮತ್ತು 11. ಕ್ಯಾಲ್ಕುಲೇಟರ್ ಹೊಡೆದ, 7.6 ಬಂತು. ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ನಾನಂತೂ ರಾತ್ರಿಯಿಡೀ ರಾಘವೇಂದ್ರ ಸ್ವಾಮಿ ಸ್ತೋತ್ರ.

ಬೆಳಗ್ಗೆ ಡಾಕ್ಟರ್ ಬಾಯಿ ನೋಡಿದರೆ ಕೆಳಗಿನ ದವಡೆ ಹಲ್ಲಿನಲ್ಲಿ ಕೀವು! ಅದಕ್ಕೆ ಅಂತ ಮೂರು ದಿನದಿಂದ ಯಾರೋ ಸ್ಟೀರಾಯ್ಡ್ ಮಾತ್ರೆ ಬೇರೆ ಕೊಟ್ಟಿದ್ದರು. ಎರಡೂ ಸೇರಿ ಅಂಕಿ ಏರಿತ್ತು. ಹಲ್ಲು ಕಿತ್ತರು, 15 ದಿನಕ್ಕೆ 2.9. ಈಗ ಮಗನ ಕೈಗೆ ರಿಪೋರ್ಟ್ ಕೊಡಲ್ಲ ನಾನು.


ಸೆಂಟ್ರಿಫ್ಯೂಜ್ ಅಕ್ಕ
ಸೋಮವಾರ ಬೆಳಗ್ಗೆ 8:30

ಆಂಟಿ ಹೇಳಿದ ಆ ಅಂಕಿ ಪೂರ್ತಿ ಸುಳ್ಳೇನಲ್ಲ. ಸಾವಿರಾರು ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅಂಕಿ ಜಾಸ್ತಿ ಇದ್ದ ಗುಂಪಿನವರಿಗೆ ಫಲಿತಾಂಶ ಸ್ವಲ್ಪ ಕೆಟ್ಟದಾಗಿರುವುದು ನಿಜ. ಆದರೆ ಗುಂಪಿನ ಮಾತನ್ನು ಒಬ್ಬ ಮನುಷ್ಯನ ಮೇಲೆ ಹೇರೋಕೆ ಆಗಲ್ಲ. ಹಲ್ಲು, ನೆಗಡಿ, ಸ್ಟೀರಾಯ್ಡ್ ಯಾವುದಾದರೂ ಅದನ್ನು ಎತ್ತಿಬಿಡುತ್ತೆ.

ಎಸ್‌ಸಿಸಿ ಆಂಟಿಜೆನ್ ಅಂತ ಇನ್ನೊಂದು ಇದೆ, ಈ ಜಾತಿಯ ಕ್ಯಾನ್ಸರಿಗೆ ರಕ್ತದಲ್ಲಿ ಅಳೆಯೋ ಪ್ರೋಟೀನು, ಅದರದ್ದೂ ಇದೇ ಪಾಡು. ಸೋರಿಯಾಸಿಸ್ ಇದ್ದರೂ ಏರುತ್ತೆ, ಕಿಡ್ನಿ ಕೆಟ್ಟರೂ ಏರುತ್ತೆ. ಎಂಜಲು, ಬೆವರಿನಲ್ಲೂ ಆ ಪ್ರೋಟೀನ್ ಇದೆ. ಟ್ಯೂಬಿನ ಮುಚ್ಚಳ ತೆಗೆದು ಪಕ್ಕದವರ ಜೊತೆ ಹರಟೆ ಹೊಡೆದರೂ ಅಂಕಿ ತಪ್ಪಬಹುದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ನಾನು ಕಲಿಸೋ ಮೊದಲ ಪಾಠ: ಮಾಸ್ಕ್ ಹಾಕು, ಆಮೇಲೆ ಮಾತಾಡು.


ಹಸಿರೇ ಉಸಿರು
ಸೋಮವಾರ ಬೆಳಗ್ಗೆ 9:02

ಆಪರೇಷನ್ ಎಲ್ಲ ಯಾಕೆ? ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತೆ. ಲಕ್ಷ್ಮಣಫಲದ ಎಲೆ ಕಷಾಯ 48 ದಿನ ಕೊಡಿ. ನಂಬರ್ ಬೇಕಾದರೆ ಮೆಸೇಜ್ ಮಾಡಿ.


ಮೂರನೇ ಬ್ಲಾಕ್ ಆಂಟಿ
ಸೋಮವಾರ ಬೆಳಗ್ಗೆ 9:10

ಅಪ್ಪಾ ಹಸಿರು, ನಮ್ಮ ಪಕ್ಕದ ಮನೆಯವರು 48 ದಿನ ಕುಡಿಸಿದರು. 49ನೇ ದಿನ ಆಸ್ಪತ್ರೆಗೆ ಹೋದಾಗ ಗಡ್ಡೆ ದವಡೆ ಮೂಳೆಗೆ ಇಳಿದಿತ್ತು. ಬಾಯಿಗೆ ಕತ್ತಿ ಬೇಡ ಅಂದವರಿಗೆ ದವಡೆಯನ್ನೇ ತೆಗೆದರು. ನಿನ್ನ ನಂಬರ್ ನಿನ್ನ ಹತ್ತಿರವೇ ಇರಲಿ.


ಆಟೋ 4 ಸ್ಟ್ರೋಕ್ (ಆಡುಗೋಡಿ)
ಸೋಮವಾರ ಮಧ್ಯಾಹ್ನ 2:20

ಗುರು, ಭುಜದ ವಿಷಯ ನಾನು ಹೇಳ್ತೀನಿ. 2019ರಲ್ಲಿ ನನಗೆ ನಾಲಿಗೆ ಎಡಭಾಗದಲ್ಲಿ ಆಗಿತ್ತು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸಿದೆ. ಬೆಳಗ್ಗೆ ಸಾಲಿನಲ್ಲಿ ಕೂತರೆ ಈ ಕಡೆ ಬಳ್ಳಾರಿಯವರು, ಆ ಕಡೆ ಅನಂತಪುರದವರು. ನಮ್ಮ ಮನೆಯಿಂದ ಅಲ್ಲಿಗೆ ಹತ್ತು ನಿಮಿಷ. ಅಷ್ಟು ಹತ್ತಿರ ಇದ್ದುಕೊಂಡು ನಾನು ಮೂರು ತಿಂಗಳು ತಡ ಮಾಡಿದ್ದೆ ಅನ್ನೋದು ಬೇರೆ ಮಾತು.

ನನಗೂ ಕುತ್ತಿಗೆ ಗಂಟು ತೆಗೆದರು. ಭುಜ ಎತ್ತೋ ಸ್ನಾಯುವಿಗೆ ಹೋಗುವ ನರ ಅಲ್ಲೇ ಹಾದು ಹೋಗುತ್ತಂತೆ. ಅದನ್ನು ಕಡಿಯದೆ ಉಳಿಸ್ತಾರೆ, ಆದರೆ ಸುತ್ತ ಕೆಲಸ ಮಾಡಿದ್ದಕ್ಕೆ ಅದು ಮುನಿಸಿಕೊಳ್ಳುತ್ತೆ. ಮೊದಲ ಎರಡು ತಿಂಗಳು ಅಟ್ಟದ ಮೇಲಿನ ಡಬ್ಬಿ ಎಟುಕುತ್ತಿರಲಿಲ್ಲ. ಬನಿಯನ್ ತಲೆ ಮೇಲಿಂದ ಹಾಕೋಕೆ ಆಗುತ್ತಿರಲಿಲ್ಲ, ಹೆಂಡತಿ ಗುಂಡಿ ಇರೋ ಅಂಗಿ ಹೊಲಿಸಿದಳು. ಗೋಡೆಗೆ ಬೆರಳು ಇಟ್ಟು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹೋಗೋ ವ್ಯಾಯಾಮ ಹೇಳಿಕೊಟ್ಟರು. ಗೋಡೆ ಮೇಲೆ ದಿನಾ ಪೆನ್ಸಿಲ್ ಗೆರೆ ಹಾಕುತ್ತಿದ್ದೆ. ಆರನೇ ತಿಂಗಳಿಗೆ ಹ್ಯಾಂಡಲ್ ಹಿಡಿದೆ. ಈಗ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಎರಡು ಗಂಟೆ ನಿಂತರೂ ಭುಜ ನೋಯಲ್ಲ, ತಲೆ ನೋಯುತ್ತೆ.

ನಿಮ್ಮಣ್ಣನಿಗೆ ಒಂದು ಮಾತು ಹೇಳಿ. ಸ್ಟೇರಿಂಗ್ ತಿರುಗಿಸೋಕೆ ಆಗುತ್ತೆ. ಮೂಟೆ ಹೊರೋದು ಬೇರೆಯವರು ಮಾಡಲಿ.


ಕಾಡುಗೋಡಿ ಕೋಡರ್
ಸೋಮವಾರ ರಾತ್ರಿ 9:45

ಅಕ್ಕ, ನೀವು ರಕ್ತ ಪರೀಕ್ಷೆಯನ್ನು ತುಂಬಾ ತಳ್ಳಿಹಾಕ್ತಿದ್ದೀರಿ ಅನ್ನಿಸ್ತು. ನಮ್ಮ ಅಮೆರಿಕದ ಟೀಮಿನ ಮ್ಯಾನೇಜರ್‌ಗೆ ಗಂಟಲ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ಕೊಡ್ತಾರೆ. ಸ್ಕ್ಯಾನಿಗಿಂತ ಮುಂಚೆ ಅದರಲ್ಲೇ ಗೊತ್ತಾಗುತ್ತೆ ಅಂತ ಅವರ ಡಾಕ್ಟರ್ ಹೇಳಿದ್ದಾರಂತೆ. ಇಲ್ಲಿ ಮಾತ್ರ ಯಾಕೆ ಆಗಲ್ಲ?


ಸೆಂಟ್ರಿಫ್ಯೂಜ್ ಅಕ್ಕ
ಸೋಮವಾರ ರಾತ್ರಿ 11:20

ಒಳ್ಳೆ ಪ್ರಶ್ನೆ. ಅವರದ್ದು ಬಹುಶಃ ಎಚ್‌ಪಿವಿ ವೈರಸ್‌ನಿಂದ ಬಂದ ಕ್ಯಾನ್ಸರ್. ಟಾನ್ಸಿಲ್, ನಾಲಿಗೆಯ ಬುಡದಲ್ಲಿ ಆಗುತ್ತೆ, ಅಮೆರಿಕದಲ್ಲಿ ಬಹಳ. ಅಂಥ ಗಡ್ಡೆಯ ಪ್ರತಿ ಕಣದಲ್ಲೂ ವೈರಸ್ಸಿನ ಡಿಎನ್‌ಎ ಇರುತ್ತೆ. ಮನುಷ್ಯನ ರಕ್ತದಲ್ಲಿ ಅದು ಮಾಮೂಲಿಯಾಗಿ ಇರಲ್ಲ. ಹಾಗಾಗಿ ಕಂಡರೆ ಅನುಮಾನಕ್ಕೆ ಕಾರಣ ಇದೆ. ಬಿಳಿ ಅಕ್ಕಿಯಲ್ಲಿ ಕರಿ ಎಳ್ಳು ಹುಡುಕಿದಷ್ಟು ಸಲೀಸು.

ಮೂಗಿನ ಹಿಂಭಾಗದ ಕ್ಯಾನ್ಸರ್‌ದೂ ಹೀಗೇ, ಅದು ಇಬಿವಿ ಅನ್ನುವ ವೈರಸ್ಸಿನದು. ದಕ್ಷಿಣ ಚೀನಾ ಕಡೆ ಜಾಸ್ತಿ, ನಮ್ಮಲ್ಲಿ ನಾಗಾಲ್ಯಾಂಡಿನಲ್ಲಿ. ಹಾಂಗ್‌ಕಾಂಗ್‌ನವರು ಯಾವ ತೊಂದರೆಯೂ ಇಲ್ಲದ 20,000ಕ್ಕೂ ಹೆಚ್ಚು ಗಂಡಸರ ರಕ್ತ ನೋಡಿ 34 ಜನರಲ್ಲಿ ಆ ಕ್ಯಾನ್ಸರ್ ಹಿಡಿದರು. ಹೆಚ್ಚಿನವು ಮೊದಲ ಎರಡು ಹಂತದಲ್ಲೇ ಸಿಕ್ಕವು. 2017ರಲ್ಲಿ ಪ್ರಕಟವಾಯ್ತು. ನಮ್ಮ ವಿಭಾಗದಲ್ಲಿ ಆ ದಿನ ಸಿಹಿ ಹಂಚಿದ್ದೆ ನಾನು, ಅಷ್ಟು ಖುಷಿ.

ಆದರೆ ಗುಟ್ಕಾ ಕೆನ್ನೆಯಲ್ಲಿ ಎಳ್ಳು ಇಲ್ಲ. ಅಲ್ಲಿ ಹುಡುಕಬೇಕಾದ್ದು ಅಕ್ಕಿಯಲ್ಲಿ ಸ್ವಲ್ಪ ಮುಕ್ಕಾದ ಅಕ್ಕಿ. ಟಿಪಿ53 ಅಂತ ಒಂದು ಜೀನ್ ಇದೆ, ಬಾಯಿ ಕ್ಯಾನ್ಸರಿನಲ್ಲಿ ಅದೇ ಹೆಚ್ಚಾಗಿ ಕೆಡೋದು. ಎಲ್ಲಿ ಕೆಟ್ಟಿದೆ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಸರಿಯಾಗಿ ಮಾಡಬೇಕೆಂದರೆ ಮೊದಲು ಗಡ್ಡೆಯ ತುಂಡಿನಲ್ಲಿ ಎಲ್ಲಿ ಕೆಟ್ಟಿದೆ ಅಂತ ಓದಿ, ಆಮೇಲೆ ರಕ್ತದಲ್ಲಿ ಅದನ್ನೇ ಹುಡುಕಬೇಕು. ಗಡ್ಡೆ ನೋಡದೆ ಬರೀ ರಕ್ತ ತೆಗೆದುಕೊಂಡು ಹೋಗುವ ಪರೀಕ್ಷೆಗೆ ಇನ್ನೊಂದು ಕಂಟಕ: ವಯಸ್ಸಾದ ಹಾಗೆ ನಮ್ಮ ಬಿಳಿ ಕಣಗಳಲ್ಲೇ ಅಂಥ ದೋಷ ಹುಟ್ಟಿಕೊಳ್ಳುತ್ತೆ. ಅದು ಕ್ಯಾನ್ಸರಿನದು ಅಂತ ತಪ್ಪಾಗಿ ಓದಿದರೆ ಮನೆಯವರ ನಿದ್ದೆ ಹೋಯ್ತು.

ನಾನು ತಳ್ಳಿಹಾಕ್ತಿಲ್ಲಪ್ಪ, ಅನ್ನ ತಿನ್ನೋದೇ ಅದರಿಂದ. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬರ್ತಿದೆಯಾ ಅಂತ ಕಾಯೋಕೆ ಇದು ಒಳ್ಳೆ ಹತ್ಯಾರ ಆಗುತ್ತೆ, ಬಾಯಿ ಕ್ಯಾನ್ಸರ್‌ಗೂ ಆ ಕೆಲಸ ನಡೀತಿದೆ. ಆದರೆ ಜೆರಾಕ್ಸ್ ಸರ್ ಕೇಳ್ತಿರೋದು ಗುರುವಾರದ ಆಪರೇಷನ್ ಬಗ್ಗೆ. ಸರ್, ಸರ್ಜನ್‌ಗೆ ಒಂದೇ ಪ್ರಶ್ನೆ ಕೇಳಿ. "ರಕ್ತದಲ್ಲಿ ಕಂಡರೆ ಏನು ಮಾಡ್ತೀರಿ, ಕಾಣದಿದ್ದರೆ ಏನು ಮಾಡ್ತೀರಿ?" ಎರಡಕ್ಕೂ ಉತ್ತರ ಒಂದೇ ಆದರೆ 28,000 ಉಳಿಯಿತು.


ಜೆರಾಕ್ಸ್ ಅಂಗಡಿ
ಬುಧವಾರ ಸಂಜೆ 7:30

ಹೋಗಿ ಬಂದೆವು. ಅಕ್ಕ ಹೇಳಿದ ಪ್ರಶ್ನೆಯನ್ನು ಹಾಳಾದ ಜೆರಾಕ್ಸ್ ಹಾಳೆಯ ಹಿಂದೆ ದೊಡ್ಡದಾಗಿ ಬರೆದುಕೊಂಡು ಹೋಗಿದ್ದೆ. ಅಲ್ಲಿ ಹೋದರೆ ಬಾಯಿ ಕಟ್ಟುತ್ತೆ ನನಗೆ. ಸರ್ಜನ್ ಹಾಳೆ ಇಸಕೊಂಡು ಓದಿ, "ಎರಡಕ್ಕೂ ಕುತ್ತಿಗೆ ತೆಗೀತೀನಿ" ಅಂದರು. ನಕ್ಕು, ಅದೇ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು.

ಗಡ್ಡೆ ಅಗಲ ಎಷ್ಟು ಅನ್ನೋದಕ್ಕಿಂತ ಬೇರು ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು ಕುತ್ತಿಗೆ ವಿಷಯದಲ್ಲಿ ದೊಡ್ಡದಂತೆ. 2018ರಿಂದ ಹಂತ ಲೆಕ್ಕ ಹಾಕುವಾಗಲೂ ಆಳವನ್ನು ಸೇರಿಸಿದ್ದಾರೆ, 5 ಮಿಲಿಮೀಟರ್ ಒಂದು ಗೆರೆ, 10 ಇನ್ನೊಂದು ಗೆರೆ. ಅಣ್ಣನದ್ದು ಮೊದಲ ಗೆರೆ ದಾಟಿರುವ ಹಾಗೆ ಕಾಣುತ್ತೆ ಅಂದರು. ಸ್ಕ್ಯಾನಿನಲ್ಲಿ ಕುತ್ತಿಗೆ ಚೆನ್ನಾಗಿದೆ ಅಂತ ಬಂದವರಲ್ಲೂ 10 ಜನರಲ್ಲಿ 2-3 ಜನರಿಗೆ ಗಂಟಿನೊಳಗೆ ಕಣ ಅಡಗಿರುತ್ತಂತೆ. ನನ್ನ ಹಳದಿ ಹೈಲೈಟರ್ ನೆನಪಾಗಿ ಮುಖ ಎಲ್ಲಿಟ್ಟುಕೊಳ್ಳೋದು ಗೊತ್ತಾಗಲಿಲ್ಲ.

ಆಮೇಲೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಮಾಡಿದ ಅಧ್ಯಯನದ ಬಗ್ಗೆ ಹೇಳಿದರು. 2015ರದ್ದು. ಆರಂಭದ ಹಂತದ ಬಾಯಿ ಕ್ಯಾನ್ಸರ್ ಇದ್ದು, ಕುತ್ತಿಗೆಯಲ್ಲಿ ಏನೂ ಸಿಗದವರನ್ನು ಎರಡು ಗುಂಪು ಮಾಡಿದರಂತೆ. ಒಂದು ಗುಂಪಿಗೆ ಗಡ್ಡೆಯ ಜೊತೆಗೇ ಕುತ್ತಿಗೆ ಗಂಟುಗಳನ್ನೂ ತೆಗೆದರು. ಇನ್ನೊಂದಕ್ಕೆ ಗಂಟು ಕಾಣಿಸಿದಾಗ ತೆಗೆಯೋಣ ಅಂತ ಕಾದರು. ಮೂರು ವರ್ಷಕ್ಕೆ ಮೊದಲ ಗುಂಪಿನಲ್ಲಿ ನೂರಕ್ಕೆ 80 ಜನ ಬದುಕಿದ್ದರು, ಕಾದವರಲ್ಲಿ 67.5. ಅಣ್ಣ ಆ ಹಾಳೆಯನ್ನೇ ನೋಡುತ್ತಾ ಕೂತಿದ್ದ. ಯಾರ್ಡಿನಲ್ಲಿ ತೂಕದ ಲೆಕ್ಕ ಮಾಡುವವನು, ಅಂಕಿ ಅವನಿಗೆ ಬೇಗ ತಲೆಗೆ ಹೋಗುತ್ತೆ. "ನೂರು ಚೀಲಕ್ಕೆ ಹನ್ನೆರಡೂವರೆ ಚೀಲ" ಅಂದ. ಸರ್ಜನ್‌ಗೆ ಅರ್ಥವಾಗಲಿಲ್ಲ. ನನಗೆ ಆಯ್ತು.

ಹೊರಗೆ ಬಂದು ಆರೋಗ್ಯಮಿತ್ರ ಕೌಂಟರಿನಲ್ಲಿ ಆಯುಷ್ಮಾನ್ ಕಾರ್ಡಿನ ಕೆಲಸ ಮುಗಿಸಿದೆವು. ಅತ್ತಿಗೆ ಬಳೆ ಕೈಯಲ್ಲೇ ಇದೆ. ಲ್ಯಾಬಿನ ಹುಡುಗನಿಗೆ ಫೋನ್ ಮಾಡಿ ಬೇಡ ಅಂದೆ. ಯಾವ ಟ್ಯೂಬಪ್ಪಾ ಅಂತ ಕೇಳಿದ್ದಕ್ಕೆ "ಸರ್, ಎಲ್ಲ ಒಂದೇ ಟ್ಯೂಬ್" ಅಂದ.

ಇನ್ನೊಂದು ವಿಷಯ. ಅಣ್ಣ ಗುಟ್ಕಾ ಬಿಟ್ಟು ಈಗ ಬರೀ ಅಡಿಕೆ ಹೋಳು ಬಾಯಿಗೆ ಹಾಕುತ್ತಿದ್ದಾನೆ. ತಂಬಾಕು ಇಲ್ಲವಲ್ಲ ಅಂತಾನೆ. ಪರವಾಗಿಲ್ವಾ?


ಸೆಂಟ್ರಿಫ್ಯೂಜ್ ಅಕ್ಕ
ಬುಧವಾರ ರಾತ್ರಿ 8:05

ಪರವಾಗಿದೆ! ಇವತ್ತೇ ಜೇಬಿನಿಂದ ತೆಗೆಸಿ. ನಾನು ತೀರ್ಥಹಳ್ಳಿ ಕಡೆಯವಳು, ಅಡಿಕೆ ತೋಟದ ದುಡ್ಡಿನಲ್ಲೇ ಓದಿದವಳು, ಹೇಳೋಕೆ ನನಗೂ ಕಷ್ಟ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು ತಂಬಾಕು ಇಲ್ಲದ ಅಡಿಕೆಯನ್ನೂ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ನಿಮ್ಮಣ್ಣನ ಬಾಯಿ ಬಿಗಿದದ್ದೇ ಅಡಿಕೆಯಿಂದ. ತಂಬಾಕು ಅದರ ಜೊತೆ ಸೇರಿಕೊಂಡಿತು ಅಷ್ಟೇ.

ಗುರುವಾರ ಚೆನ್ನಾಗಿ ಆಗಲಿ. ತೆಗೆದ ಗಂಟುಗಳ ಪೆಥಾಲಜಿ ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕಿ. ಅದರಲ್ಲಿ ಬೇರಿನ ಆಳ, ಎಷ್ಟು ಗಂಟಿನಲ್ಲಿ ಇತ್ತು, ಗಂಟಿನ ಗೋಡೆ ಒಡೆದು ಹೊರಗೆ ಬಂದಿದೆಯಾ, ನರದ ಸುತ್ತ ಇದೆಯಾ ಅಂತ ಇರುತ್ತೆ. ಹರಡುವ ವಿಷಯದಲ್ಲಿ ನಾನು ನಂಬೋದು ಆ ಕಾಗದವನ್ನು.


ಜೆರಾಕ್ಸ್ ಅಂಗಡಿ
ಐದು ವಾರದ ನಂತರ, ಶನಿವಾರ ರಾತ್ರಿ 10:15

ತಡವಾಗಿದ್ದಕ್ಕೆ ಕ್ಷಮಿಸಿ. ಆಪರೇಷನ್ ಎಂಟೂವರೆ ಗಂಟೆ ಆಯ್ತು. ಕೆನ್ನೆ ಒಳಗೆ ತೆಗೆದ ಜಾಗಕ್ಕೆ ಎಡಗೈ ಮುಂಗೈಯಿಂದ ಚರ್ಮ ತಂದು ಹೊಲಿದಿದ್ದಾರೆ. ಹನ್ನೆರಡು ದಿನ ಮೂಗಿನ ಟ್ಯೂಬಿನಲ್ಲಿ ಗಂಜಿ, ಹಾಲು.

ರಿಪೋರ್ಟ್ ಬಂದಿದೆ. ಆಳ 6 ಮಿಲಿಮೀಟರ್. ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ನರದ ಸುತ್ತ ಇಲ್ಲ. ಗಂಟು 27 ತೆಗೆದರು, 27ರಲ್ಲೂ ಏನೂ ಇಲ್ಲ. ರೇಡಿಯೇಷನ್ ಬೇಡ ಅಂತ ಟ್ಯೂಮರ್ ಬೋರ್ಡಿನಲ್ಲಿ (ಕ್ಯಾನ್ಸರ್ ಡಾಕ್ಟರುಗಳ ಸಭೆ) ತೀರ್ಮಾನ ಆಯ್ತು. ಮೊದಲ ವರ್ಷ ತಿಂಗಳು, ಎರಡು ತಿಂಗಳಿಗೊಮ್ಮೆ ಬಂದು ತೋರಿಸಿ, ವಾಪಸ್ ಬರೋದಾದರೆ ಮೊದಲ ಎರಡು ವರ್ಷದಲ್ಲೇ ಜಾಸ್ತಿ ಅಂದಿದ್ದಾರೆ.

ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದರೆ ಅಣ್ಣ ಮಾತ್ರ ನನ್ನ ಮುಖ ನೋಡಿದ. ಸ್ಲೇಟಿನ ಮೇಲೆ ಬರೆದ: "ಇಪ್ಪತ್ತೇಳೂ ಸುಮ್ನೆ ತೆಗೆಸಿದೆ." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ 28,000ದ ಪರೀಕ್ಷೆ ಮಾಡಿಸಿದ್ದರೆ ಅದರಲ್ಲೂ ಏನಿಲ್ಲ ಅಂತಲೇ ಬರುತ್ತಿತ್ತೋ ಏನೋ. ಅಕ್ಕ, ಇದಕ್ಕೆ ಏನು ಹೇಳಲಿ ಅವನಿಗೆ?


ಸೆಂಟ್ರಿಫ್ಯೂಜ್ ಅಕ್ಕ
ಶನಿವಾರ ರಾತ್ರಿ 10:50

ತುಂಬಾ ಒಳ್ಳೆ ಸುದ್ದಿ. ಅವರ ಕೋಪಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಹಾಗೇ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. ಅವರಿಗೂ "ಪತ್ತೆಯಾಗಿಲ್ಲ", ಗಂಟಿನಲ್ಲಿ ಅಡಗಿಕೊಂಡಿರುವ ಇನ್ನೊಬ್ಬರಿಗೂ "ಪತ್ತೆಯಾಗಿಲ್ಲ". ಕಾಗದ ಒಂದೇ ಥರ. ಯಾರು ಯಾವ ಕಡೆ ಅಂತ 27 ಗಂಟನ್ನೂ ಸೀಳಿ ಸ್ಲೈಡಿಗೆ ಹಾಕಿ ನೋಡಿದ ಮೇಲೆ ಗೊತ್ತಾಯ್ತು. ನಮ್ಮ ಪೆಥಾಲಜಿಯವರು ಒಂದೊಂದು ಗಂಟನ್ನೂ ಕೊಬ್ಬಿನೊಳಗೆ ಬೆರಳಲ್ಲಿ ತಡಕಿ ತಡಕಿ ಹುಡುಕುತ್ತಾರೆ, ಕೆಲವು ಮೆಂತ್ಯ ಕಾಳಿನಷ್ಟು ಚಿಕ್ಕವು. ಅದನ್ನು ಬೇಕಾದರೆ ಹೇಳಿ ನೋಡಿ.


ಆಟೋ 4 ಸ್ಟ್ರೋಕ್
ಶನಿವಾರ ರಾತ್ರಿ 11:30

ನಾನು ಬಂದು ಮಾತಾಡ್ಲಾ ಗುರು? ನನ್ನ ಕುತ್ತಿಗೆ ಗಂಟುಗಳಲ್ಲಿ ಒಂದರಲ್ಲಿ ಕ್ಯಾನ್ಸರ್ ಇತ್ತು. ಸ್ಕ್ಯಾನಿನಲ್ಲಿ ಕಂಡಿರಲಿಲ್ಲ. ಭಾನುವಾರ ಶ್ರೀನಗರ ಕಡೆ ಬಾಡಿಗೆ ಇರುತ್ತೆ ನನಗೆ.


ಜೆರಾಕ್ಸ್ ಅಂಗಡಿ
ಭಾನುವಾರ ರಾತ್ರಿ 9:20

ಆಟೋ ಅಣ್ಣ ಬಂದಿದ್ದರು. ಇಬ್ಬರೂ ಅಂಗಿ ಸರಿಸಿ ಕುತ್ತಿಗೆ ಗೆರೆ ತೋರಿಸಿಕೊಂಡರು, ಯಾರದ್ದು ಉದ್ದ ಅಂತ. ಅಣ್ಣ ಮೆಲ್ಲಗೆ ಮಾತಾಡ್ತಾನೆ ಈಗ, ಪ ಫ ಬ ಸರಿಯಾಗಿ ಬರಲ್ಲ. ಮುಂಗೈ ಚರ್ಮ ಹಾಕಿದ್ದಾರಲ್ಲ, ಅದರಲ್ಲಿ ಕೂದಲು ಬೆಳೆಯೋಕೆ ಶುರುವಾಗಿದೆ. "ಬಾಯೊಳಗೆ ಮೀಸೆ" ಅಂತ ಅವರಿಗೆ ಹೇಳಿ ನಕ್ಕ. ಐದು ವಾರದಲ್ಲಿ ಮೊದಲ ನಗು.

ಬಾಯಿ ತೆರೆಯೋ ವ್ಯಾಯಾಮಕ್ಕೆ ಐಸ್‌ಕ್ಯಾಂಡಿ ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಡಬೇಕಂತೆ. ಆಪರೇಷನ್ ಆದ ಮೇಲೆ 7 ಕಡ್ಡಿ ಹಿಡಿಯುತ್ತಿತ್ತು, ಇವತ್ತು 11. ಭುಜಕ್ಕೂ ಬಾಯಿಗೂ ಸೇರಿ ಹನುಮಂತನಗರ, ಬನಶಂಕರಿ ಕಡೆ ಸಂಜೆ ಹೊತ್ತು ಸಿಗುವ ಫಿಸಿಯೋಥೆರಪಿಯವರು ಯಾರಾದರೂ ಗೊತ್ತಿದ್ದರೆ ಹೇಳಿ. 7 ಗಂಟೆ ಮೇಲೆ ಆದರೆ ನಾನೇ ಅಂಗಡಿ ಮುಚ್ಚಿ ಕರೆದುಕೊಂಡು ಹೋಗ್ತೀನಿ.